ಯುದ್ಧ ಯಾವಾಗ ಶುರುವಾಗುತ್ತೆ ಅಂತ ಕೇಳಿದವನಿಗೆ

ನಿನ್ನೆ ಸಂಜೆ ಎರಡನೇ ಮಹಾಯುದ್ಧದ ಕಥೆಯ ಹಳೇ ಸೋವಿಯತ್ ಸಿನಿಮಾ ‘ಬ್ಯಾಲಡ್ ಆಫ್ ಎ ಸೋಲ್ಜರ್’ ಹಾಕಿದ್ದರು, ಹೋಗಿದ್ದೆ. ಎಷ್ಟನೇ ಸಲ ಅಂತ ಕೇಳಬೇಡಿ, ನನ್ನ ರಷ್ಯನ್ ಹುಚ್ಚು ನಿಮಗೆ ಗೊತ್ತಿರುವುದೇ. ಹಿಂದಿನ ಸೀಟಿನಲ್ಲಿ ಒಬ್ಬ ಪುಣ್ಯಾತ್ಮ. ಹತ್ತು ನಿಮಿಷಕ್ಕೊಮ್ಮೆ ಪಕ್ಕದವನಿಗೆ "ಯುದ್ಧ ಯಾವಾಗ ಶುರುವಾಗುತ್ತೋ?" ಅಂತಾನೆ.

ಅದು ಶುರುವಾಗಿ ಆಗ್ಲೇ ಎಷ್ಟೊತ್ತಾಗಿತ್ತು ಮಾರಾಯ! ಕಥೆಯ ಸೈನಿಕ ಅಲ್ಯೋಶಾಗೆ 19 ವರ್ಷ. ಟ್ಯಾಂಕ್ ಅಟ್ಟಿಸಿಕೊಂಡು ಬಂದರೆ ಎದ್ದುಬಿದ್ದು ಓಡುತ್ತಾನೆ, ಕ್ಯಾಮೆರಾನೇ ತಲೆಕೆಳಗಾಗುತ್ತೆ. ಆ ಭಯದಲ್ಲೇ ಎರಡು ಟ್ಯಾಂಕ್ ಹೊಡೆದುಹಾಕುತ್ತಾನೆ. ಜನರಲ್ ಪದಕ ಕೊಡಲು ಹೊರಟರೆ ಇವನು, ಅದರ ಬದಲು ರಜೆ ಕೊಡಿ, ಅಮ್ಮನ ಮನೆ ಸೂರು ಸೋರುತ್ತಿದೆಯಂತೆ ಅಂತಾನೆ. ಹೋಗಲು 2 ದಿನ, ಬರಲು 2 ದಿನ, ಸೂರಿಗೆ 2 ದಿನ. ಆಮೇಲೆ ಸಿನಿಮಾ ಪೂರ್ತಿ ರೈಲು, ದಾರಿ, ಸೋಪು.

ಹೌದು, ಸೋಪು. ದಾರಿಯಲ್ಲಿ ಸಿಕ್ಕ ಸೈನಿಕನೊಬ್ಬ ಹೆಂಡತಿಗೆ ಕೊಡು ಅಂತ ಕಳಿಸಿದ್ದು, ತುಕಡಿಯಲ್ಲಿ ಇದ್ದಿದ್ದೇ ಆ ಎರಡು ಬಿಲ್ಲೆ. ಮನೆಗೆ ಹೋದರೆ ಅವಳ ಜೊತೆ ಬೇರೆಯವನಿದ್ದಾನೆ. ಅಲ್ಯೋಶಾ ಕೊಟ್ಟು ಹೊರಟವನು ತಿರುಗಿ ಬಂದು ಸೋಪು ವಾಪಸ್ ಎತ್ತಿಕೊಂಡು ಆ ಸೈನಿಕನ ಅಪ್ಪನಿಗೆ ಕೊಡುತ್ತಾನೆ. ಇದು ಯುದ್ಧ ಅಲ್ವಾ?

ಸುಳ್ಳು ಯಾಕೆ ಹೇಳಲಿ, ಕಾಲೇಜಿನಲ್ಲಿ ಟಾಲ್‌ಸ್ಟಾಯ್‌ನ ‘ವಾರ್ ಅಂಡ್ ಪೀಸ್’ ಓದುವಾಗ ನಾನೂ ಮನೆ-ಮದುವೆ ಪುಟ ಹಾರಿಸಿ ಬರೀ ಯುದ್ಧ ಹುಡುಕಿದವನೇ. ಸಿಕ್ಕಿದ್ದೇನು? ನಿಕೊಲಾಯ್ ರಾಸ್ತೋವ್ ಅನ್ನೋ ಎಳೆ ಸೈನಿಕ. ಫ್ರೆಂಚರು ಎದುರಿಗೆ ಓಡಿ ಬಂದಾಗ ಪಿಸ್ತೂಲಿನಿಂದ ಗುಂಡು ಹಾರಿಸುವ ಬದಲು ಪಿಸ್ತೂಲನ್ನೇ ಅವರ ಮೇಲೆ ಎಸೆದು ಕಾಲಿಗೆ ಬುದ್ಧಿ ಹೇಳುತ್ತಾನೆ. ಎಲ್ಲರಿಗೂ ಇಷ್ಟವಾದ ನನ್ನನ್ನು ಇವರು ಯಾಕೆ ಕೊಲ್ಲಬೇಕು ಅನ್ನುವುದು ಅವನಿಗೆ ಅರ್ಥವೇ ಆಗುವುದಿಲ್ಲ. ಟಾಲ್‌ಸ್ಟಾಯ್ ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲಿನಲ್ಲಿ ಫಿರಂಗಿ ಪಕ್ಕ ನಿಂತವನು. ಈ ಸಿನಿಮಾದ ನಿರ್ದೇಶಕ ಚುಖ್ರಾಯ್ ಸ್ಟಾಲಿನ್‌ಗ್ರಾಡ್ ಯುದ್ಧ ಕಂಡವನು. ಕಂಡವರು ಹೀಗೆ ತೋರಿಸುತ್ತಾರೆ, ಕಾಣದ ನಾವು ಸೀಟಿನಲ್ಲಿ ಕೂತು ಬಾಂಬ್ ಕೇಳುತ್ತೇವೆ.

ಈಗ ಕಮೆಂಟ್ ಬರುತ್ತೆ, ಗೊತ್ತು. ಇದೆಲ್ಲ ಸೋವಿಯತ್ ಸರ್ಕಾರದ ದುಡ್ಡಿನ ಪ್ರಚಾರ, ಉಕ್ರೇನ್ ನೋಡಿ ಅಂತ. ಸರ್ಕಾರಕ್ಕೆ ಯುದ್ಧದ ನಿಜ ಅಷ್ಟು ಇಷ್ಟವಾಗಿದ್ದರೆ 1961ರಲ್ಲಿ ಸೋವಿಯತ್ ಲೇಖಕ ಗ್ರಾಸ್‌ಮನ್ ಬರೆದ ಯುದ್ಧದ ಕಾದಂಬರಿಯ ಹಸ್ತಪ್ರತಿ ಸಾಲದು ಅಂತ ಟೈಪ್‌ರೈಟರ್ ರಿಬ್ಬನ್ನನ್ನೂ ಅದೇ ಸರ್ಕಾರದ ಗುಪ್ತ ಪೊಲೀಸ್ ಕೆಜಿಬಿ ಯಾಕೆ ಹೊತ್ತುಕೊಂಡು ಹೋಯ್ತು? ಉಕ್ರೇನಿನ ಲೆಕ್ಕ ಪುಟಿನ್‌ನನ್ನು ಕೇಳಿ, ಅಲ್ಯೋಶಾನನ್ನಲ್ಲ.

ಕೊನೆಗೆ ಊರು ಸೇರುವಷ್ಟರಲ್ಲಿ ರಜೆ ಮುಗಿದಿದೆ. ಅಮ್ಮ ಹೊಲದಿಂದ ಓಡಿ ಬರುತ್ತಾಳೆ, ಅಪ್ಪಿಕೊಂಡಿದ್ದಷ್ಟೇ, ಲಾರಿಯವನು ಹಾರ್ನ್ ಹೊಡೀತಾನೆ. ಸೂರು ಹಾಗೇ ಉಳಿಯಿತು. ಇವನು ಮತ್ತೆ ಬರುವುದಿಲ್ಲ ಅಂತ ಸಿನಿಮಾ ಶುರುವಿನಲ್ಲೇ ಹೇಳಿಬಿಟ್ಟಿರುತ್ತೆ, ಆದರೂ ಪ್ರತಿ ಸಲ ಲಾರಿಯವನ ಮೇಲೆ ಸಿಟ್ಟು ಬರುತ್ತೆ.

ಮುಗಿದ ಮೇಲೆ ಹಿಂದೆ ತಿರುಗಿ ಚೆನ್ನಾಗಿ ಉಗಿಯಬೇಕು ಅಂತಿದ್ದೆ. ಲೈಟ್ ಹಾಕಿದಾಗ ನನ್ನ ಮುಖ ತೋರಿಸುವ ಹಾಗಿರಲಿಲ್ಲ. ಅದಕ್ಕೇ ಇಲ್ಲಿ ಉಗಿದಿದ್ದೇನೆ.