ಸತ್ಯಾಂಶ: ಬೆಳಕು ನಿಂತರೆ ಸಾಪೇಕ್ಷತೆ ಸುಳ್ಳಾಗುತ್ತಾ?

‘ವಿಜ್ಞಾನಿಗಳು ಬೆಳಕನ್ನೇ ನಿಲ್ಲಿಸಿದರು, ಸಾಪೇಕ್ಷತಾ ಸಿದ್ಧಾಂತ ಸುಳ್ಳಾಯಿತು’ ಅನ್ನುವ ಸಂದೇಶ ಆಗಾಗ ಸುತ್ತುತ್ತಿರುತ್ತದೆ. ಮೊದಲರ್ಧದಲ್ಲಿ ಒಂದಿಷ್ಟು ನಿಜವಿದೆ. ಎರಡನೆಯದು ತಪ್ಪು.

ಐನ್‌ಸ್ಟೈನರ ಈ ಸಿದ್ಧಾಂತ ಹೇಳುವ ಸೆಕೆಂಡಿಗೆ 2,99,792 ಕಿ.ಮೀ. ವೇಗ ನಿರ್ವಾತದ್ದು, ಅಂದರೆ ಏನೂ ಇಲ್ಲದ ಖಾಲಿ ಜಾಗದ್ದು. ವಸ್ತುವಿನೊಳಗೆ ಬೆಳಕು ನಿಧಾನವಾಗಿ ಸಾಗುತ್ತದೆ, ಗಾಜಿನಲ್ಲೂ ಅಷ್ಟೇ. 1999ರಲ್ಲಿ ಅತಿ ತಣ್ಣನೆಯ ಸೋಡಿಯಂ ಪರಮಾಣುಗಳ ನಡುವೆ ಬೆಳಕಿನ ಮಿಡಿತದ ವೇಗ ಸೆಕೆಂಡಿಗೆ 17 ಮೀಟರಿಗೆ ಇಳಿಯಿತು. ನಿರ್ವಾತದ ವೇಗ ಇದ್ದ ಹಾಗೇ ಇದೆ, ಹಾಗಾಗಿ ಸಿದ್ಧಾಂತಕ್ಕೆ ಧಕ್ಕೆಯಿಲ್ಲ.

ವಸ್ತು ಬೆಳಕನ್ನು ಹೀಗೆ ಪಳಗಿಸುವುದರ ನಿಜವಾದ ಸ್ವಾರಸ್ಯ ಇರುವುದು ಫೋಟಾನಿಕ್ ಸ್ಫಟಿಕಗಳಲ್ಲಿ, ಅಂದರೆ ಬೆಳಕಿನ ದಾರಿ ನಿಯಂತ್ರಿಸಲು ಕ್ರಮಬದ್ಧವಾಗಿ ರೂಪಿಸಿದ ವಸ್ತುಗಳಲ್ಲಿ. ಅಂಥ ವಸ್ತುವಿನಲ್ಲಿ ಬೆಳಕಿನ ತರಂಗದೂರಕ್ಕಿಂತ (ಒಂದು ಅಲೆಯ ಉದ್ದಕ್ಕಿಂತ) ಚಿಕ್ಕ ರಂಧ್ರಗಳನ್ನು ಸಾಲಾಗಿ ಕೊರೆದರೆ, ಕೆಲವು ಬಣ್ಣಗಳಿಗೆ ಅದರೊಳಗೆ ದಾರಿಯೇ ಇರುವುದಿಲ್ಲ. ಅದೇ ಬಣ್ಣ ಸೂಸುವ ಕ್ವಾಂಟಮ್ ಚುಕ್ಕೆಯನ್ನು (ಬೆಳಕು ಸೂಸುವ ಅತಿಸಣ್ಣ ಅರೆವಾಹಕ ಕಣವನ್ನು) ಅಲ್ಲಿಟ್ಟರೆ, ಅದು ಶಕ್ತಿ ತುಂಬಿಕೊಂಡೇ ಜಾಸ್ತಿ ಹೊತ್ತು ಕಾಯುತ್ತದೆ. ಆ ಬಣ್ಣಕ್ಕೆ ಹೊಂದುವ ಪುಟ್ಟ ಕುಹರದಲ್ಲಿ, ಅಂದರೆ ಬೆಳಕನ್ನು ಹಿಡಿದಿಡುವ ಪೊಳ್ಳಿನಲ್ಲಿ, ಇಟ್ಟರೆ ಬೇಗ ಸೂಸುತ್ತದೆ. ಸುತ್ತಲಿನ ಜಾಗ ಸೂಸುವಿಕೆಯ ವೇಗವನ್ನೇ ಬದಲಿಸಬಲ್ಲದು ಎಂಬ ವಿಚಾರ 1946ರದು. ಸಂದೇಶಗಳು ಇದನ್ನು ಹೇಳುವುದೇ ಇಲ್ಲ, ಪಾಪ!

ಇಂಥದ್ದು ಬಂದರೆ, ಹೇಳಿದ ವೇಗ ನಿರ್ವಾತದ್ದಾ, ವಸ್ತುವಿನೊಳಗಿನದ್ದಾ ಎಂದು ಮೊದಲು ನೋಡಿ. ಪ್ರಯೋಗದ ವರ್ಷ ಹುಡುಕಿ. ಮೂಲ ಪ್ರಬಂಧದ ಸಾರಾಂಶ ಸಾಮಾನ್ಯವಾಗಿ ಉಚಿತವಾಗಿ ಓದಲು ಸಿಗುತ್ತದೆ. ‘ಸಿದ್ಧಾಂತ ಸುಳ್ಳು’ ಎಂಬ ಮಾತು ಅದರಲ್ಲಿದೆಯೇ ನೋಡಿ.