ಗಲ್ಲಿಂದು ತಗೀಲೋ, ತನಿಖಿದು ತಗೀಲೋ?

ತಹಶೀಲ್ದಾರರ ಕೈಯಲ್ಲಿ ಆಗುವ ಕೆಲಸ ಬಹಳ ಇವೆ. ಜಾತಿ ಪ್ರಮಾಣಪತ್ರ ಕೊಡಬಹುದು, ಪಹಣಿ ತಿದ್ದುಪಡಿ ಮಾಡಬಹುದು, ಬೆಳೆಹಾನಿ ಪಟ್ಟಿ ಕಳಿಸಬಹುದು. ಖಂಡಿತ ಆಗದ ಕೆಲಸವೆಂದರೆ ಮನುಷ್ಯನನ್ನು ಗಲ್ಲಿಗೇರಿಸುವುದು. ನಮ್ಮ ಬೆಳಗಾವಿ ಜನ ಮೆರವಣಿಗೆ ಕಟ್ಟಿಕೊಂಡು ಹೋಗಿ ಅವರ ಹತ್ತಿರ ಕೇಳುವುದು ಅದನ್ನೇ.

ಎಲ್ಲಾದರೂ ಒಂದು ಘೋರ ಕೊಲೆ ನಡೆಯಲಿ, ಮರುದಿನ ಚನ್ನಮ್ಮ ವೃತ್ತದಲ್ಲಿ ಮಾನವ ಸರಪಳಿ, ಟೈರಿಗೆ ಬೆಂಕಿ, ಪ್ರತಿಕೃತಿಗೆ ನೇಣು, ಆಮೇಲೆ ಮನವಿ. "ಆರೋಪಿಯನ್ನು 24 ತಾಸಿನೊಳಗೆ ಗಲ್ಲಿಗೇರಿಸಬೇಕು. ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ." ಸಾಹೇಬರು ಮೀಟಿಂಗಿನಲ್ಲಿದ್ದರೆ ಶಿರಸ್ತೇದಾರರು ಹೊರಗೆ ಬಂದು ಫೋಟೊಕ್ಕೆ ನಿಲ್ಲುತ್ತಾರೆ. ಒಳಗೆ ಹೋದ ಮನವಿಗೆ ಇನ್‌ವರ್ಡ್ ನಂಬರು ಬೀಳುತ್ತದೆ. ರಜಿಸ್ಟರಿನಲ್ಲಿ ಅದರ ಮೇಲಿನ ಸಾಲು ಚರಂಡಿ ದುರಸ್ತಿಯದು, ಕೆಳಗಿನದು ಊರಿಗೆ ಬಸ್ ಬಿಡುವುದು. ಮೂರರಲ್ಲಿ ಯಾವುದು ಮೊದಲು ಆದೀತು ಎಂದು ಪಂಥ ಕಟ್ಟುವವರು ಕಟ್ಟಬಹುದು.

ಮನವಿಗಳು ಹುಟ್ಟುವುದು ಕೋರ್ಟಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ. ಅಲ್ಲಿ ಟೈಪ್ ಮಾಡುವ ಹುಡುಗನಷ್ಟು ಜನಾಭಿಪ್ರಾಯ ಬಲ್ಲವನು ಜಿಲ್ಲೆಯಲ್ಲೇ ಇಲ್ಲ. ಅವನ ಕಂಪ್ಯೂಟರಿನಲ್ಲಿ ಎರಡು ಫೈಲು ಸದಾ ತಯಾರು. ಒಂದರ ಹೆಸರು 'ಗಲ್ಲು', ಇನ್ನೊಂದರದು 'ತನಿಖೆ'. ಮೊನ್ನೆ ಹೆಗಲ ಮೇಲೆ ಶಾಲು ಹಾಕಿಕೊಂಡ ಮುಖಂಡರೊಬ್ಬರು ಬಂದು ಕೂತರು.

"ಅಣ್ಣಾರ, ಗಲ್ಲಿಂದು ತಗೀಲೋ, ತನಿಖಿದು ತಗೀಲೋ?"

"ಅಂದ್ರ?"

"ಆರೋಪಿ ಅವರಾಂವ ಇದ್ರ ಗಲ್ಲಿಂದು. ನಮ್ಮಾಂವ ಇದ್ರ ತನಿಖಿದು. ರೇಟ್ ಎರಡಕ್ಕೂ ಒಂದ ಐತ್ರಿ."

"ಇನ್ನೂ ಹೆಸರ ಹೊರಗ ಬಂದಿಲ್ಲೋ ತಮ್ಮಾ."

"ಹಂಗಾರ ಚಾ ಕುಡದ ಬರ್ರಿ. ಹೆಸರ ಗೊತ್ತಾದ ಮ್ಯಾಲ ಪ್ರಿಂಟ್ ಕೊಡ್ತೇನಿ."

'ಗಲ್ಲು' ಫೈಲಿನಲ್ಲಿ ಆರೋಪಿ ಎರಡನೇ ಸಾಲಿಗೇ ರಾಕ್ಷಸ, ಮೂರನೆಯದಕ್ಕೆ ನರರೂಪದ ಪಶು. ವಕೀಲರು ಯಾರೂ ಅವನ ಪರ ವಾದಿಸಬಾರದೆಂಬ ಆಗ್ರಹವೂ ಉಂಟು. 'ತನಿಖೆ' ಫೈಲು ಬಲು ಸೌಮ್ಯ. ಅಲ್ಲಿ ಅದೇ ಆರೋಪಿ ಅಮಾಯಕ ಯುವಕ, ಬಡ ಕುಟುಂಬದ ಆಧಾರಸ್ತಂಭ, ರಾಜಕೀಯ ಷಡ್ಯಂತ್ರಕ್ಕೆ ಬಲಿಯಾದವ. ಕಾನೂನು ತನ್ನ ಕೆಲಸ ತಾನು ಮಾಡಲಿ, ಕೇಸು ಸಿಬಿಐಗೆ ಹೋಗಲಿ. ಎರಡೂ ಮನವಿಯ ಕೆಳಗೆ ಸಹಿ ಹಾಕುವವರು ಮಾತ್ರ ಒಬ್ಬರೇ. ಹುಡುಗ ಒಮ್ಮೊಮ್ಮೆ ಗಡಿಬಿಡಿಯಲ್ಲಿ ಹಳೆಯ ತಾರೀಖು ಬದಲಿಸುವುದನ್ನು ಮರೆಯುತ್ತಾನೆ. ಇವತ್ತಿನವರೆಗೆ ಯಾರೂ ತಕರಾರು ಮಾಡಿಲ್ಲ, ಓದಿದವರಿದ್ದರಲ್ಲವೆ?

ಅಮೆರಿಕದಲ್ಲಿ ಈ ಜನಾಭಿಪ್ರಾಯ ತಿಳಿಯಲು ಗ್ಯಾಲಪ್ ಸಂಸ್ಥೆ ದಶಕಗಳಿಂದ ಜನರನ್ನು ಕೇಳುತ್ತಲೇ ಇದೆ. ಮರಣದಂಡನೆ ಬೇಕು ಎಂದವರು 1966ರಲ್ಲಿ ಶೇ 42, 1994ರಲ್ಲಿ ಶೇ 80, 2024ರಲ್ಲಿ ಶೇ 53. ಏರಲಿಕ್ಕೆ ಸುಮಾರು ಮೂವತ್ತು ವರ್ಷ, ಇಳಿಯಲಿಕ್ಕೂ ಅಷ್ಟೇ. ಪಾಪ, ನಿಧಾನದ ಜನ. ನಮ್ಮಲ್ಲಿ ಆರೋಪಿಯ ಅಡ್ಡಹೆಸರು ವಾಟ್ಸಾಪಿಗೆ ಬರುವಷ್ಟು ಹೊತ್ತು ಸಾಕು.

ಇಷ್ಟಕ್ಕೂ ಗಲ್ಲುಗಂಬ ನಮಗೆ ದೂರದ್ದಲ್ಲ. ಹಿಂಡಲಗಾ ಜೈಲಿನಲ್ಲೇ ಇದೆ. 1983ರಿಂದ ಈಚೆಗೆ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ ಅಷ್ಟೆ. 2013ರ ಫೆಬ್ರುವರಿಯಲ್ಲಿ ಇನ್ನೇನು ಆಯಿತು ಅನ್ನುವ ಹಾಗಿತ್ತು. ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮಾದಾನ ಅರ್ಜಿ ತಿರಸ್ಕೃತವಾದಾಗ ಅವರಿದ್ದದ್ದು ಇದೇ ಜೈಲಿನಲ್ಲಿ. ಹಗ್ಗ ಎಲ್ಲಿಂದ ಬರುತ್ತದೆ, ಎಷ್ಟು ದಪ್ಪ, ಬೆಣ್ಣೆ ಹಚ್ಚುತ್ತಾರೋ ಬಾಳೆಹಣ್ಣು ಹಚ್ಚುತ್ತಾರೋ ಎಂಬುದೇ ಚಹಾದಂಗಡಿಗಳ ಮಾತು. ಈ ನಾಲ್ವರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 2001ರಲ್ಲಿ ಕೊಟ್ಟದ್ದು ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಅರ್ಜಿ ಒಂಬತ್ತು ವರ್ಷ ಕೊಳೆಯಿತೆಂದು 2014ರ ಜನವರಿಯಲ್ಲಿ ಅದೇ ಕೋರ್ಟು ಮತ್ತೆ ಜೀವಾವಧಿಗೆ ಇಳಿಸಿತು. ಆ ದಿನ ಹಗ್ಗದ ಪಂಡಿತರು ಕ್ರಿಕೆಟ್ಟಿನಲ್ಲಿ ಮುಳುಗಿದ್ದರು.

ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯ ಕತೆ ಇನ್ನೂ ಸೊಗಸು. ಹಿಂಡಲಗಾದಲ್ಲಿ ಅವನನ್ನು ಕಾನೂನುಬಾಹಿರವಾಗಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿಟ್ಟದ್ದಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. "ಅವನಿಗೆಂಥ ಕಾನೂನು, ಕತ್ತಲ ಕೋಣೆಗೆ ಹಾಕ್ರಿ" ಎಂದು ನಾವು ಕೂಗುತ್ತಿದ್ದೆವಲ್ಲ, ಹಾಕಿದರು. ಅವನ ಕೊರಳು ಉಳಿದದ್ದು ಅದರಿಂದಲೇ.

2023ರಲ್ಲಿ ದೇಶದ ವಿಚಾರಣಾ ನ್ಯಾಯಾಲಯಗಳು 120 ಮಂದಿಗೆ ಗಲ್ಲು ವಿಧಿಸಿದವು. ಆ ವರ್ಷ ಸುಪ್ರೀಂ ಕೋರ್ಟ್ ಕಾಯಂ ಮಾಡಿದ್ದು ಸೊನ್ನೆ. ಈ ಸೊನ್ನೆ ಕಂಡರೆ ನಮ್ಮ ಶಾಲಿನ ಮುಖಂಡರಿಗೆ ಮೈ ಉರಿಯುತ್ತದೆ. ಅವರ ಆದರ್ಶ 2019ರ ಹೈದರಾಬಾದ್: ಬೆಳಗಿನ ಜಾವ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಿದ್ದರು, ಪೊಲೀಸರ ಮೇಲೆ ಹೂ ಸುರಿಯಿತು. ಕೊಲ್ಲಲೆಂದೇ ಗುಂಡು ಹೊಡೆದದ್ದು, ಪೊಲೀಸರ ಕತೆ ನಂಬುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರಕರ್ ಆಯೋಗ 2022ರಲ್ಲಿ ವರದಿ ಕೊಟ್ಟಾಗ ಹೂ ವಾಪಸು ಆರಿಸಿಕೊಳ್ಳಲು ಯಾರೂ ಬರಲಿಲ್ಲ.

ನಮ್ಮ ನೆಲಕ್ಕೂ ನೇಣಿಗೂ ಹಳೆಯ ನಂಟು. 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಕಂಪನಿ ಸರಕಾರ. ಹಿಡಿದುಕೊಟ್ಟವರಲ್ಲಿ ನಮ್ಮವರೂ ಇದ್ದರು. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಇಂದು ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. "ಕೊಲೆಗಡುಕರನ್ನ ರಾಯಣ್ಣಗ ಹೋಲಸ್ತೀಯೇನಲೇ" ಎಂದು ಯಾರೂ ತೋಳೇರಿಸಬೇಡಿ. ಹೋಲಿಸುವ ಪ್ರಶ್ನೆಯೇ ಇಲ್ಲ. ಅಂದು ಕಂಪನಿಯ ಪರ ಮನವಿ ಟೈಪ್ ಮಾಡಲು ಝೆರಾಕ್ಸ್ ಅಂಗಡಿ ಇದ್ದಿದ್ದರೆ ಹುಡುಗ ಯಾವ ಫೈಲು ತೆಗೆಯುತ್ತಿದ್ದ ಎಂಬ ಕುತೂಹಲ, ಅಷ್ಟೆ.

ಮೇಣದಬತ್ತಿ ಹಿಡಿದ ಕೈಗಳನ್ನು ನಾನು ಹಗುರ ಮಾಡುತ್ತಿಲ್ಲ. ಮಗಳನ್ನು ಕಳಕೊಂಡ ತಾಯಿ ಏನು ಕೇಳಿದರೂ ಕೇಳುವ ಹಕ್ಕಿದೆ. ಆದರೆ ಅವಳ ಹಿಂದೆ ನಿಂತ ಸಾವಿರ ಜನರ ಪರೀಕ್ಷೆ ಬೇರೆ ಕಡೆ ಆಗುತ್ತದೆ. ಕೊಲೆಯಾದ ಜಾಗದಲ್ಲಿ ಜಾತ್ರೆಯಂತೆ ಜನ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಬಾಯಲ್ಲೂ ಗಲ್ಲು. ಹವಾಲ್ದಾರ ಬಂದು ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು ಕೇಳುತ್ತಾನೆ, "ಪಂಚನಾಮೆಗೆ ಇಬ್ಬರು ಪಂಚರು ಬೇಕಾಗ್ಯಾರ, ಯಾರರೇ ಬರ್ರೆಪಾ."

ಅಷ್ಟೂ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದವನೇ ಗಾಡಿಗೆ ಕಿಕ್ ಹೊಡೆಯುತ್ತ ಅನ್ನುತ್ತಾನೆ: "ನನಗ್ಯಾಕ ಬೇಕ್ರಿ ಸಾಹೇಬ್ರ, ನಾಳಿಂದ ಕೋರ್ಟಿಗೆ ಅಡ್ಡಾಡೋದು ಯಾರು?"