ನೋಡಬಹುದಂತೆ, ಕೇಳಬಾರದಂತೆ

ನಿನ್ನೆ ಧಾರವಾಡದಲ್ಲಿ ಬೆಳಗಾವಿ ಬಸ್ಸು ಹತ್ತಿದೆ. ಹಿಂದಿನ ಸೀಟುಗಳಲ್ಲಿ ಏಳೆಂಟು ಕಾಲೇಜು ಹುಡುಗಿಯರು, ಇಬ್ಬರು ಹುಡುಗರು. ಹುಡುಗಿಯರು ಆಧಾರ್ ತೋರಿಸಿ ಶಕ್ತಿ ಯೋಜನೆಯ ಟಿಕೆಟ್ ತಗೊಂಡರು, ಹುಡುಗರು ಜೇಬು ತಡಕಾಡಿದರು. ಟ್ರಿಪ್ ಇರಬೇಕು ಅಂದುಕೊಂಡೆ.

ಕಿತ್ತೂರು ದಾಟುವ ಹೊತ್ತಿಗೆ ನಾಟಕ ಶುರುವಾಯಿತು. ಒಬ್ಬಳು ಎಂಎಲ್ಎ ಆದಳು. ಕಾಲ ಮೇಲೆ ಕಾಲು, ಕಣ್ಣು ಮೊಬೈಲ್ ಮೇಲೆ. ಇನ್ನೊಬ್ಬಳು ಎರಡು ನಿಮಿಷದಲ್ಲಿ ಅಹವಾಲು ಹೇಳಿ ಮುಗಿಸಬೇಕು. "ಸರ್, ನಮ್ಮೂರಿಗೆ ಸಂಜಿ ನಾಕರ ಮ್ಯಾಲೆ ಬಸ್ಸಿಲ್ಲರಿ..." ಅಂದಿದ್ದೇ ತಡ, ಎಂಎಲ್ಎ ತಲೆ ಎತ್ತದೆ "ಆತಾತು, ಪಿಎ ಕೈಯಾಗ ಕೊಡ್ರಿ" ಅಂದಳು. ಕಂಡಕ್ಟರ್ ಸಮೇತ ಬಸ್ಸೆಲ್ಲ ನಕ್ಕಿತು. ಆ ಹುಡುಗಿ ಮಾತ್ರ ಬಿಡಲಿಲ್ಲ. "ಪಿಎಗೂ ಕೊಟ್ಟೀವ್ರಿ. ಚುಕ್ಕೆ ಗುರುತಿನ ಪ್ರಶ್ನೆ ಕೇಳ್ರಿ. ನೋಟಿಸ್ ಕೊಡೂ ಟೈಮ್ ಮುಗದಿದ್ರ ಶೂನ್ಯವೇಳೆಯೊಳಗರ ಎತ್ರಿ."

ಅಬ್ಬಾ! ಚುಕ್ಕೆ ಇದ್ದರೆ ಮಂತ್ರಿ ಸದನದಲ್ಲಿ ಬಾಯಿಬಿಟ್ಟು ಉತ್ತರ ಹೇಳಬೇಕು, ಇಲ್ಲದಿದ್ದರೆ ಬರೆದು ಕೊಟ್ಟರೆ ಸಾಕು ಅಂತ ನನಗೆ ಗೊತ್ತಾಗಿದ್ದೇ ನಲವತ್ತು ದಾಟಿದ ಮೇಲೆ.

ವಿಚಾರಿಸಿದೆ. ಗದಗ, ಹಾವೇರಿ ಕಡೆಯ ಹಳ್ಳಿಯವರು. ಧಾರವಾಡದಲ್ಲಿ ಎರಡು ದಿನ ಮಾನವ ಹಕ್ಕುಗಳ ತರಬೇತಿ, ಮೂರನೇ ದಿನ ಅಧಿವೇಶನಕ್ಕೆ ಬಂದ ಶಾಸಕರ ಭೇಟಿ. ಮಾನವ ಹಕ್ಕು ಅಂದರೆ ನಮಗೆಲ್ಲ ಡಿಸೆಂಬರ್ 10ರ ಭಾಷಣ, 1948ರ ಘೋಷಣೆ, ಅತಿಥಿಗೊಂದು ಹಾರ, ಅಲ್ವಾ? ಅಹವಾಲು ಹೇಳಿದ ಹುಡುಗಿಗೆ ಅದು ಬಸ್ಸು. ಬಸ್ಸಿಲ್ಲ ಅಂತ ಗೆಳತಿಯನ್ನು ಪಿಯುಸಿ ಬಿಡಿಸಿದರಂತೆ. ಮನೇಲಿ ಸುಮ್ನೆ ಯಾಕೆ ಕೂರಬೇಕು ಅಂತ ಹದಿನೇಳಕ್ಕೇ ಮದುವೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2007ರಿಂದಲೂ ಜಾರಿಯಲ್ಲಿದೆ. ಕಾಯ್ದೆ ಆ ಊರು ಮುಟ್ಟಬೇಕೆಂದರೂ ಬಸ್ಸು ಬೇಕಲ್ಲ!

ಅಷ್ಟರಲ್ಲಿ ಮುಂದಿನ ಸೀಟಿನ ಹಿರಿಯರು ತಿರುಗಿದರು. "ಓದೂ ವಯಸ್ಸಿನ್ಯಾಗ ಇವೆಲ್ಲ ಯಾಕ್ಬೇಕವಾ? ಇದು ರಾಜಕೀಯ." ಒಬ್ಬಳ ಕಾಲೇಜಿನವರೂ ಹೀಗೇ ಅಂದು ಹಾಜರಿ ಕೊಡಲ್ಲ ಅಂದಿದ್ದಾರಂತೆ. ಅದೇ ಕಾಲೇಜು ಹೋದ ವರ್ಷ ಎರಡು ಬಸ್ಸು ಮಾಡಿ ಸುವರ್ಣ ವಿಧಾನಸೌಧ ತೋರಿಸಿಕೊಂಡು ಬಂದಿತ್ತು. ಅವತ್ತು ಹಾಜರಿ ಸಿಕ್ಕಿತ್ತು! ಗ್ಯಾಲರಿಯಲ್ಲಿ ಕೂತು, ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡು, ಪಲಾವ್ ತಿಂದು ಬಂದರೆ ಶೈಕ್ಷಣಿಕ ಪ್ರವಾಸ. ಅದೇ ಮೆಟ್ಟಿಲನ್ನು ಒಂದು ಪುಟದ ಮನವಿ ಹಿಡಿದು ಹತ್ತಿದರೆ ರಾಜಕೀಯ. 2012ರಲ್ಲಿ ರಾಷ್ಟ್ರಪತಿಗಳನ್ನು ಕರೆಸಿ ಆ ಕಟ್ಟಡ ಉದ್ಘಾಟಿಸಿದ್ದು ಬರೀ ನೋಡಿಕೊಂಡು ಬರೋಕಾ? ಮೈಸೂರು ಅರಮನೆ ಇತ್ತಲ್ಲ, ಅದಕ್ಕೆ ಕರಕೊಂಡು ಹೋಗಿ.

ಪಕ್ಷದವರು ಹುಡುಗರನ್ನು ಬಳಸಿಕೊಳ್ತಾರೆ ಅಂತೀರಿ. ಇರಬಹುದು. ಅವರು ಬಳಸಿಕೊಳ್ಳದೆ ಬಿಟ್ಟವರು ಯಾರಿದ್ದಾರೆ ಹೇಳಿ. ಹದಿನೆಂಟಕ್ಕೆ ಓಟು ಬಂದಿದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಓಟು ಹಾಕು, ಬಾಯಿ ಮುಚ್ಚು. ಸಮಾವೇಶದ ಕುರ್ಚಿ ತುಂಬಿಸೋಕೆ ಇದೇ ಹುಡುಗರನ್ನು ಒಯ್ಯುವಾಗ ಹಾಜರಿ ಪುಸ್ತಕ ಯಾರಿಗೂ ನೆನಪಾಗೋದಿಲ್ಲ.

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ನನ್ನ ಮಗಳೂ ಇಂಥದ್ದೇ ತರಬೇತಿಗೆ ಒಪ್ಪಿಗೆ ಪತ್ರ ತಂದು ಸಹಿ ಕೇಳಿದ್ದಳು. "ಪರೀಕ್ಷಿ ಮುಗೀಲಿ, ಆಮ್ಯಾಲೆ ನೋಡೋಣು" ಅಂದಿದ್ದೆ. ನನ್ನ ಕಣ್ಣೂ ಮೊಬೈಲ್ ಮೇಲೇ ಇತ್ತು. ಅವಳು ಮತ್ತೆ ಕೇಳಲಿಲ್ಲ.

ಸೌಧದ ಹತ್ತಿರ ಹುಡುಗ ಹುಡುಗಿಯರೆಲ್ಲ ಇಳಿದರು. ಎಂಎಲ್ಎ ಆಗಿದ್ದವಳು ಇಳಿಯುವಾಗ ಮನವಿಯ ಪ್ರತಿಯೊಂದನ್ನು ಹಿರಿಯರ ಕೈಗೆ ಕೊಟ್ಟು "ಅಜ್ಜಾರ, ಓದಿ ನೋಡ್ರಿ" ಅಂದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ತುಟಿ ಅಲುಗಿಸುತ್ತ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ರೀ, ನಾಕರ ಮ್ಯಾಲೆ ಊರಿಗೆ ಒಂದೂ ಬಸ್ಸಿಲ್ಲಂದ್ರ ಹೆಂಗ್ರಿ?" ಅಂತ ಜೋರು ಮಾಡಿದರು. ನಾನೇ ಸಾರಿಗೆ ಮಂತ್ರಿ ಅನ್ನೋ ಹಾಗೆ.